ಕೊಳವೆಯ ಸಂದು

ಮನೆಯ ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ. ಆ ನೀರು ಯಾವ ಕೆರೆಯಿಂದ ಬಂತು, ಯಾವ ಹೊಳೆಯಿಂದ ಬಂತು ಎಂದು ವಿಚಾರಿಸುವವರುಂಟು. ಅದು ಎಷ್ಟು ಸಂದುಗಳನ್ನು ದಾಟಿ ಬಂತೆಂದು ಎಣಿಸುವವರು ವಿರಳ. ಒಂದೊಂದು ಕೊಳವೆಯೂ ಆರು ಮೀಟರು ಉದ್ದವಿದ್ದರೆ, ಒಂದು ಕಿಲೋಮೀಟರು ದಾರಿಗೆ ನೂರ ಅರವತ್ತಕ್ಕೂ ಹೆಚ್ಚು ಸಂದುಗಳು ಬೇಕಾಗುತ್ತವೆ. ಬೀದಿಯಿಂದ ಮನೆಯೊಳಕ್ಕೆ ಬಂದ ಮೇಲಂತೂ ಅಡಿಗಡಿಗೂ ಸಂದು: ಮೂಲೆಗೊಂದು ಎಲ್ಬೊ, ಕವಲಿಗೊಂದು ಟೀ, ಉದ್ದ ಸಾಲದ ಕಡೆ ಒಂದು ಸಾಕೆಟ್ಟು. ಕೊಳವೆ ತಾನಾಗಿ ಸೋರುವುದು ಅಪರೂಪ, ಸೋರುವುದು ಸಂದು. ಆದುದರಿಂದ ಕೊಳವೆಯ ಇತಿಹಾಸವೆಂಬುದು ಬಹುಮಟ್ಟಿಗೆ ಸಂದಿನ ಇತಿಹಾಸವೇ ಆಗಿದೆ. ಇಂದು ನಮ್ಮ ಮನೆಗಳಲ್ಲಿ ಪ್ಲಾಸ್ಟಿಕ್ ಕೊಳವೆಗಳನ್ನು ಹತ್ತು ನಿಮಿಷದಲ್ಲಿ ಅಂಟಿಸಿ ಹೋಗುವ ಕೆಲಸಗಾರನ ಕೈಯಲ್ಲಿ ಎರಡು ಸಾವಿರ ವರ್ಷಗಳ ಪ್ರಯತ್ನದ ಫಲ ಇದೆ. ಆ ಪ್ರಯತ್ನದ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಹುದು.

ರೋಮನರ ಕಾಲದಿಂದ ಮೊದಲು ಮಾಡೋಣ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿದ್ದ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ತನ್ನ ಗ್ರಂಥದ ಎಂಟನೆಯ ಭಾಗವನ್ನು ನೀರಿಗೇ ಮೀಸಲಿಟ್ಟಿದ್ದಾನೆ. ಮಣ್ಣಿನ ಕೊಳವೆಗಳ ಒಂದು ತುದಿಯನ್ನು ಕಿರಿದುಮಾಡಿ ಇನ್ನೊಂದರ ಬಾಯೊಳಕ್ಕೆ ಸೇರಿಸಬೇಕು. ಸಂದಿಗೆ ಎಣ್ಣೆಯಲ್ಲಿ ನಾದಿದ ಸುಟ್ಟ ಸುಣ್ಣವನ್ನು ಮೆತ್ತಬೇಕು ಎನ್ನುತ್ತಾನೆ. ಮೊದಲ ಸಲ ನೀರು ಬಿಡುವಾಗ ಅದರೊಡನೆ ಬೂದಿಯನ್ನೂ ಹಾಕಬೇಕು. ಎಲ್ಲಾದರೂ ಮೆತ್ತುವುದು ಕಡಿಮೆಯಾಗಿದ್ದರೆ ಬೂದಿ ಹೋಗಿ ಆ ಬಿರುಕನ್ನು ಮುಚ್ಚುತ್ತದೆ ಎಂದೂ ಹೇಳುತ್ತಾನೆ. ಸೋರುವ ಪಾತ್ರೆಗೆ ಬೂದಿ ಮೆತ್ತಿದ ನಮ್ಮ ಅಜ್ಜಿಯರಿಗೆ ಈ ಉಪಾಯ ಹೊಸದೆನಿಸಲಾರದು. ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರೇ ಆರೋಗ್ಯಕರವೆಂದೂ, ಸೀಸದ ಕೆಲಸ ಮಾಡುವವರ ಮೈಬಣ್ಣ ಬಿಳಿಚಿಕೊಂಡಿರುವುದೇ ಇದಕ್ಕೆ ಸಾಕ್ಷಿಯೆಂದೂ ಆತ ಎಚ್ಚರಿಸಿದ್ದಾನೆ.

ಆದರೆ ರೋಮನರು ಆ ಎಚ್ಚರಿಕೆಯನ್ನು ಪೂರ್ತಿಯಾಗಿ ಪಾಲಿಸಲಿಲ್ಲ. ಸೀಸ ಮೆದುವಾದ ಲೋಹ, 327 ಡಿಗ್ರಿ ಸೆಂಟಿಗ್ರೇಡಿಗೇ ಕರಗುತ್ತದೆ, ಹೇಗೆ ಬೇಕಾದರೂ ಬಾಗುತ್ತದೆ, ಬೆಸುಗೆಗೆ ಸುಲಭ. ಸಂದು ಭದ್ರವಾಗಿದ್ದರೆ ಸಾಕೆಂಬುವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇರೆ ಸಿಕ್ಕಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಸೀಸಕ್ಕೆ ‘ಪ್ಲಂಬಮ್’ ಎಂದು ಹೆಸರು. ನಾವು ಈಗಲೂ ಕೊಳಾಯಿ ಕೆಲಸದವನನ್ನು ‘ಪ್ಲಂಬರ್’ ಎಂದು ಕರೆಯುವುದು ಅದರಿಂದಲೇ. ಅವನ ಚೀಲದಲ್ಲಿ ಇಂದು ಸೀಸ ಇಲ್ಲ. ಹೆಸರಿನಲ್ಲಿ ಮಾತ್ರ ಉಳಿದಿದೆ. ಆದರೆ ಈ ಸೀಸ ಅಷ್ಟು ಸುಲಭವಾಗಿ ನಮ್ಮನ್ನು ಬಿಟ್ಟುಹೋಗಲಿಲ್ಲ ಎಂಬುದನ್ನು ಮುಂದೆ ನೋಡುತ್ತೇವೆ.

ನಮ್ಮ ನಾಡಿನಲ್ಲಿಯೂ ಕೊಳವೆಯಲ್ಲಿ ನೀರು ಹರಿಸಿದ ಇತಿಹಾಸವುಂಟು. ಆದಿಲಶಾಹಿಗಳ ವಿಜಾಪುರಕ್ಕೆ ತೊರವಿಯ ಕಡೆಯಿಂದಲೂ, ಮಹಮ್ಮದ್ ಆದಿಲಶಹನು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನೀರು ಬರುತ್ತಿತ್ತು. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ, ಸುತ್ತಲೂ ಗಾರೆ ಕಲ್ಲಿನ ಕವಚ ಕಟ್ಟಿ ನೆಲದೊಳಗೆ ಹೂಳಿದ್ದರು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂದು ಕರೆಯುವ ಎತ್ತರದ ನೀರಿನ ಗೋಪುರಗಳನ್ನು ನಿಲ್ಲಿಸಿದ್ದರು. ಅವನ್ನು ಈಗಲೂ ನೋಡಬಹುದು. ನೀರಿನಲ್ಲಿಯ ಕಸ ತಳಕ್ಕಿಳಿಯಲೆಂಬುದು ಅವುಗಳ ಒಂದು ಉದ್ದೇಶ. ಕೊಳವೆಯ ಮೇಲೆ ಬೀಳುವ ಒತ್ತಡವನ್ನು ತಗ್ಗಿಸುವುದು ಇನ್ನೊಂದು. ಈ ಎರಡನೆಯ ಉದ್ದೇಶದಲ್ಲಿ ಸಂದಿನ ಸಮಸ್ಯೆಯೇ ಅಡಗಿದೆ. ಗಾರೆಯ ಸಂದು ಹರಿಯುವ ನೀರನ್ನು ತಡೆದೀತು, ಒತ್ತಿ ನುಗ್ಗುವ ನೀರನ್ನು ತಡೆಯಲಾರದು. ಸಂದಿಗೆ ಬಲ ಕೊಡುವುದು ಆಗದೆಂದು ಕಂಡ ಆ ಶಿಲ್ಪಿಗಳು ಒತ್ತಡವನ್ನೇ ಕಡಿಮೆಮಾಡಿದರು. ಜಾಣತನವೆಂದರೆ ಇದು.

ಯೂರೋಪಿನವರು ಬೇರೆ ದಾರಿ ಹಿಡಿದರು. ಅಲ್ಲಿ ಬಹುಕಾಲ ಮರದ ದಿಮ್ಮಿಯನ್ನು ಕೊರೆದು ಕೊಳವೆ ಮಾಡುತ್ತಿದ್ದರು. ಲಂಡನ್ ನಗರದ ಬೀದಿಗಳಲ್ಲಿ ಎಲ್ಮ್ ಮರದ ದಿಮ್ಮಿಗಳನ್ನು, ಒಂದರ ಚೂಪಾದ ತುದಿಯನ್ನು ಇನ್ನೊಂದರ ತೂತಿನೊಳಕ್ಕೆ ಬಡಿದು ಸೇರಿಸಿ ಹೂಳಿದ್ದರು. ಮರ ನೀರು ಕುಡಿದು ಉಬ್ಬಿ ಸಂದನ್ನು ತಾನೇ ಬಿಗಿಮಾಡುತ್ತಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಕೊಳೆತುಹೋಗುತ್ತಿತ್ತು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1664ರಲ್ಲಿ ವರ್ಸೇಲ್ಸಿನ ಉದ್ಯಾನದ ಕಾರಂಜಿಗಳಿಗೆಂದು ಎರಕದ ಕಬ್ಬಿಣದ ಕೊಳವೆಗಳನ್ನು ಹಾಕಿಸಿದ. ಅವುಗಳ ತುದಿಗೆ ತಟ್ಟೆಯಂಥ ಅಂಚು. ಎರಡು ಅಂಚುಗಳನ್ನು ಎದುರುಬದುರಾಗಿ ಇಟ್ಟು ಬೋಲ್ಟು ಹಾಕಿ ಬಿಗಿಯುವುದು. ಸಂದು ಬಲವಾಗಿತ್ತು, ಆದರೆ ಬಿರುಸಾಗಿತ್ತು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ; ನೆಲವೂ ಕುಸಿಯುತ್ತದೆ. ಅಲುಗಾಡಲು ಎಡೆಯೇ ಇಲ್ಲದ ಸಂದು ಇಂಥ ಕಡೆ ಬಿರುಕು ಬಿಡುತ್ತದೆ.

ಇದಕ್ಕೆ ಪರಿಹಾರ ದೊರೆತದ್ದು 1785ರಲ್ಲಿ. ಲಂಡನ್ನಿನ ಚೆಲ್ಸೀ ನೀರು ಸರಬರಾಯಿ ಕಂಪೆನಿಯ ಇಂಜಿನಿಯರಾಗಿದ್ದ ಥಾಮಸ್ ಸಿಂಪ್ಸನ್ ಕೊಳವೆಯ ಒಂದು ತುದಿಯನ್ನು ಗಂಟೆಯ ಬಾಯಿಯಂತೆ ಅಗಲಮಾಡಿ, ಇನ್ನೊಂದು ಕೊಳವೆಯ ತುದಿಯನ್ನು ಅದರೊಳಗೆ ಕೂರಿಸಿದ. ನಡುವೆ ಉಳಿದ ಎಡೆಗೆ ಸೆಣಬಿನ ಹುರಿಯನ್ನು ಗಿಡಿದು, ಮೇಲೆ ಕರಗಿಸಿದ ಸೀಸವನ್ನು ಹೊಯ್ಯುವುದು. ಸೀಸ ಆರಿದ ಮೇಲೆ ಉಳಿ ಸುತ್ತಿಗೆಗಳಿಂದ ಸುತ್ತಲೂ ಬಡಿದು ಬಿಗಿಮಾಡುವುದು. ಈ ಸಂದು ಸ್ವಲ್ಪ ಅಲುಗಿದರೂ ಒಡೆಯುವುದಿಲ್ಲ. ಸೋರಿದರೆ ಇನ್ನೊಮ್ಮೆ ಬಡಿದರೆ ಆಯಿತು. ಮುಂದೆ ನೂರೈವತ್ತು ವರ್ಷಗಳ ಕಾಲ ಲೋಕದ ನಗರಗಳೆಲ್ಲ ಬಹುತೇಕ ಇದೇ ಪದ್ಧತಿಯನ್ನು ಅನುಸರಿಸಿದುವು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂದಾಗ ನಗರ ನೀರು ಸರಬರಾಯಿ ಎಂದರೆ ಎರಕದ ಕಬ್ಬಿಣ, ಸೆಣಬು ಮತ್ತು ಸೀಸ ಎಂದೇ ಅರ್ಥವಾಗಿತ್ತು. ಕೆಲಸಗಾರರಿಗೆ ಮಾತ್ರ ಅದು ಅಪಾಯದ ಕೆಲಸ. ಸಂದಿನಲ್ಲಿ ಹನಿ ನೀರು ಇದ್ದರೂ ಸಾಕು, ಹೊಯ್ದ ಸೀಸ ಸಿಡಿದು ಮುಖಕ್ಕೆ ಹಾರುತ್ತಿತ್ತು. ಅದರ ಹೊಗೆ ಸದ್ದಿಲ್ಲದೆ ಮೈಯೊಳಕ್ಕೆ ಇಳಿಯುತ್ತಿತ್ತು.

ಮನೆಯೊಳಗಿನ ಸಣ್ಣ ಕೊಳವೆಗಳಿಗೆ ತಿರುಪಿನ ಸಂದು ಬಂತು. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ತಿರುಪಿನ ಹಲ್ಲುಗಳಿಗೆ ಒಂದೇ ಅಳತೆ ಇರಬೇಕೆಂದು ಸೂಚಿಸಿ, ಅವುಗಳ ಕೋನವನ್ನು 55 ಡಿಗ್ರಿ ಎಂದು ಗೊತ್ತುಮಾಡಿದ. ಅದಕ್ಕೆ ಮೊದಲು ಒಂದು ಕಾರ್ಖಾನೆಯ ತಿರುಪು ಇನ್ನೊಂದು ಕಾರ್ಖಾನೆಯದಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಜಿ.ಐ. ಪೈಪುಗಳ ತಿರುಪು ಇಂದಿಗೂ ಆ ಕುಲದ್ದೇ. ತಿರುಪಿಗೆ ಸೆಣಬಿನ ನಾರು ಸುತ್ತಿ ಸಫೇದ ಬಳಿದು ಬಿಗಿಯುತ್ತಿದ್ದುದನ್ನು ಹಿರಿಯರು ನೋಡಿರುತ್ತಾರೆ. ಹಳೆಯ ಸಫೇದವೆಂದರೆ ಸೀಸದ ಭಸ್ಮವೇ. ಅಂತೂ ಸೀಸ ಬೀದಿಯಿಂದ ಮನೆಯೊಳಕ್ಕೂ ಬಂದಿತ್ತು. ಇಷ್ಟಾದರೂ ತಿರುಪು ಕೊರೆದ ಕಡೆ ಕಬ್ಬಿಣದ ಮೇಲಿನ ಸತುವಿನ ಲೇಪ ಹೋಗುತ್ತಿತ್ತು. ತುಕ್ಕು ಮೊದಲು ಹಿಡಿಯುತ್ತಿದ್ದುದು ಅಲ್ಲಿಯೇ. ಗೋಡೆ ಒಡೆದು ನೋಡಿದರೆ ಕೊಳವೆ ಗಟ್ಟಿ, ಸಂದು ಮಾತ್ರ ಪುಡಿ.

ಇನ್ನು ಪ್ಲಾಸ್ಟಿಕ್ಕಿನ ಸರದಿ. ವಿನೈಲ್ ಕ್ಲೋರೈಡ್ ಎಂಬ ಅನಿಲವನ್ನು ಫ್ರಾನ್ಸಿನ ರೆನ್ಯೊ ಎಂಬ ರಸಾಯನ ವಿಜ್ಞಾನಿ 1835ರಲ್ಲಿ ತಯಾರಿಸಿದ. ಜರ್ಮನಿಯ ಯೂಜೆನ್ ಬೌಮನ್ 1872ರಲ್ಲಿ ಅದನ್ನು ಗಾಜಿನ ನಳಿಕೆಯಲ್ಲಿ ಮುಚ್ಚಿ ಬಿಸಿಲಿಗಿಟ್ಟಾಗ ಒಂದು ಬಿಳಿಯ ಗಟ್ಟಿ ಪದಾರ್ಥ ಉಂಟಾಯಿತು. ಅದೇ ನಾವು ಪಿ.ವಿ.ಸಿ. ಎನ್ನುವ ವಸ್ತು. ಅದು ಆಮ್ಲಕ್ಕೆ ಜಗ್ಗದು, ತುಕ್ಕು ಹಿಡಿಯದು; ಆದರೆ ಕಾಯಿಸಿ ಎರಕ ಹೊಯ್ಯಹೋದರೆ ತಾನೇ ಕೆಟ್ಟು ಆಮ್ಲದ ಹೊಗೆ ಬಿಡುತ್ತದೆ. ಹೀಗಾಗಿ ಅರ್ಧ ಶತಮಾನ ಯಾರಿಗೂ ಅದು ಉಪಯೋಗಕ್ಕೆ ಬರಲಿಲ್ಲ. ಅಮೆರಿಕದ ವಾಲ್ಡೊ ಸೀಮನ್ 1926ರಲ್ಲಿ ಅದನ್ನು ಮೆದುಮಾಡುವ ವಿಧಾನವನ್ನು ಕಂಡುಹಿಡಿದ. ಜರ್ಮನರು 1930ರ ದಶಕದಲ್ಲಿ ಮೆದುಮಾಡದೆಯೇ ಅದರಿಂದ ಗಟ್ಟಿ ಕೊಳವೆ ತೆಗೆಯುವುದನ್ನು ಸಾಧಿಸಿ, ಮಧ್ಯ ಜರ್ಮನಿಯ ಕೆಲವು ಮನೆಗಳಿಗೆ ಅದರಲ್ಲಿ ಕುಡಿಯುವ ನೀರು ಕೊಟ್ಟರು.

ಯುದ್ಧದ ನಂತರ ಲೋಹದ ಅಭಾವವಿದ್ದ ಯೂರೋಪಿನಲ್ಲಿ ಈ ಕೊಳವೆಗೆ ಬೇಡಿಕೆ ಬೆಳೆಯಿತು. ಹಾಲೆಂಡಿನ ಓವರೈಸೆಲ್ ಪ್ರಾಂತದ ನೀರು ಸರಬರಾಯಿ ಸಂಸ್ಥೆಯ ನಿರ್ದೇಶಕ ಯೋಹಾನ್ ಕೆಲ್ಲರ್ ಕಬ್ಬಿಣದ ತುಕ್ಕಿನಿಂದ ಬೇಸತ್ತು ಪ್ಲಾಸ್ಟಿಕ್ ಕೊಳವೆಯ ಪ್ರಯೋಗಕ್ಕೆ ಕೈಹಾಕಿದ. 1955ರಲ್ಲಿ ಅದಕ್ಕೆಂದೇ ‘ವಾವಿನ್’ ಎಂಬ ಕಂಪೆನಿ ಹುಟ್ಟಿತು. ‘ವಾಟರ್’ ಎಂಬುದರ ಮೊದಲ ಅಕ್ಷರಗಳನ್ನೂ ‘ವಿನೈಲ್’ ಎಂಬುದರ ಮೊದಲ ಅಕ್ಷರಗಳನ್ನೂ ಕೂಡಿಸಿ ಇಟ್ಟ ಹೆಸರು ಅದು. ಹೆಸರೇ ಒಂದು ಸಂದು ಎನ್ನಬಹುದು. ನಮ್ಮ ದೇಶದಲ್ಲಿ ಕುಡಿಯುವ ನೀರಿನ ಪಿ.ವಿ.ಸಿ. ಕೊಳವೆಗೆ 4985ನೆಯ ಸಂಖ್ಯೆಯ ಭಾರತೀಯ ಮಾನಕ 1968ರಲ್ಲಿ ಮೊದಲು ಪ್ರಕಟವಾಯಿತು.

ಹೊಸ ವಸ್ತುವಿಗೆ ಹಳೆಯ ಸಂದು ಒಗ್ಗಲಿಲ್ಲ. ಕರಗಿದ ಸೀಸ ಹೊಯ್ದರೆ ಪ್ಲಾಸ್ಟಿಕ್ ಕರಗಿಹೋಗುತ್ತದೆ; ತೆಳುವಾದ ಕೊಳವೆಗೆ ತಿರುಪು ಕೊರೆದರೆ ಅದರ ಬಲವೇ ಹೋಗುತ್ತದೆ. ಅಂಟಿಸೋಣವೆಂದರೆ, ಸಾಮಾನ್ಯ ಅಂಟು ಮೇಲ್ಮೈಯನ್ನು ಹಿಡಿದೀತೇ ಹೊರತು ನೀರಿನ ಒತ್ತಡಕ್ಕೆ ನಿಲ್ಲದು. ಆಗ ಹೊಳೆದ ಉಪಾಯ ದ್ರಾವಕದ ಬೆಸುಗೆ. ನಮ್ಮ ಕೆಲಸಗಾರರು ‘ಸೊಲ್ಯೂಷನ್’ ಎಂದು ಕರೆಯುವ ಡಬ್ಬದಲ್ಲಿರುವುದು ಅಂಟಲ್ಲ. ಟೆಟ್ರಾಹೈಡ್ರೋಫ್ಯುರಾನ್ ಮೊದಲಾದ ದ್ರಾವಕಗಳಲ್ಲಿ ಪಿ.ವಿ.ಸಿ.ಯನ್ನೇ ಕರಗಿಸಿದ ಪಾಕ ಅದು. ಅದನ್ನು ಕೊಳವೆಯ ಹೊರಮೈಗೂ ಸಾಕೆಟ್ಟಿನ ಒಳಮೈಗೂ ಬಳಿದರೆ ಎರಡರ ಮೇಲ್ಪದರವೂ ಕರಗಿ ಮೆತ್ತಗಾಗುತ್ತದೆ. ಒಂದರೊಳಗೊಂದು ತಳ್ಳಿದಾಗ ಎರಡು ಕಡೆಯ ಅಣುಗಳ ಸರಪಳಿಗಳು, ನಾದಿದ ಎರಡು ಹಿಟ್ಟಿನ ಉಂಡೆಗಳು ಸೇರಿದಂತೆ, ಹೆಣೆದುಕೊಳ್ಳುತ್ತವೆ. ದ್ರಾವಕ ಆರಿಹೋದ ಮೇಲೆ ಅಲ್ಲಿ ಎರಡು ತುಂಡು ಎಂಬುದೇ ಇಲ್ಲ; ಇರುವುದು ಒಂದೇ ಪ್ಲಾಸ್ಟಿಕ್.

ಈ ಕೆಲಸದಲ್ಲಿ ಒಂದೊಂದು ಹಂತಕ್ಕೂ ಕಾರಣವಿದೆ. ಮನೆ ಕಟ್ಟಿಸುವವರು ಅದನ್ನು ತಿಳಿದಿರುವುದು ಒಳ್ಳೆಯದು. ಕೊಳವೆಯನ್ನು ನೇರವಾಗಿ ಕತ್ತರಿಸಬೇಕು. ಓರೆಯಾದರೆ ಒಂದು ಕಡೆ ಬೆಸುಗೆಯ ಅಗಲ ಕಡಿಮೆಯಾಗುತ್ತದೆ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ಮೊನೆ ತೆಗೆಯಬೇಕು. ಇಲ್ಲವಾದರೆ ಚೂಪಾದ ಅಂಚು ಬಳಿದ ಪಾಕವನ್ನೆಲ್ಲ ಕೆರೆದು ಒಳಕ್ಕೆ ತಳ್ಳಿಬಿಡುತ್ತದೆ. ಧೂಳು, ಜಿಡ್ಡು, ನೀರು ಇರಬಾರದು. ಇದ್ದಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ. ಪಾಕ ಬಳಿದ ಕೂಡಲೇ ಪೂರ್ತಿ ಒಳಕ್ಕೆ ತಳ್ಳಿ ಕಾಲು ಸುತ್ತು ತಿರುಗಿಸಬೇಕು. ಪಾಕ ಎಲ್ಲ ಕಡೆಗೂ ಹರಡಲೆಂದು. ಆಮೇಲೆ ಅರ್ಧ ನಿಮಿಷವಾದರೂ ಹಿಡಿದಿರಬೇಕು. ಸಾಕೆಟ್ಟಿನ ಒಳಗು ತಳಕ್ಕೆ ಹೋದಂತೆ ಕಿರಿದಾಗುವುದರಿಂದ ಕೈಬಿಟ್ಟರೆ ಕೊಳವೆ ಹಿಂದಕ್ಕೆ ಜಾರುತ್ತದೆ. ಪಾಕ ಹೆಚ್ಚಾದಷ್ಟೂ ಗಟ್ಟಿ ಎಂಬುದು ತಪ್ಪು ತಿಳಿವಳಿಕೆ. ಒಳಗೆ ನಿಂತ ಪಾಕ ಕೊಳವೆಯ ಗೋಡೆಯನ್ನೇ ಮೆತ್ತಗೆಮಾಡುತ್ತದೆ. ಡಬ್ಬದ ಮೇಲೆ ಹೇಳಿದಷ್ಟು ಹೊತ್ತು, ಸಾಧ್ಯವಾದರೆ ಒಂದು ದಿನ, ಕಳೆಯುವವರೆಗೆ ಪೂರ್ತಿ ಒತ್ತಡದ ನೀರು ಬಿಡಬಾರದು. ದ್ರಾವಕದ ಆವಿ ತಲೆ ತಿರುಗಿಸುವಂಥದು, ಬೇಗ ಹೊತ್ತಿಕೊಳ್ಳುವಂಥದು. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಬೀಡಿ ಸೇದುತ್ತ ಮಾಡುವ ಕೆಲಸ ಇದಲ್ಲ. ಬಿಸಿನೀರಿನ ಕೊಳವೆಗೆ ಬಳಸುವ ಸಿ.ಪಿ.ವಿ.ಸಿ.ಗೆ ಅದರದೇ ಪಾಕ ಬೇಕು. ಒಂದರ ಡಬ್ಬ ಇನ್ನೊಂದಕ್ಕೆ ಸಲ್ಲದು.

ದ್ರಾವಕದ ಬೆಸುಗೆಯೂ ಬಿರುಸಾದ ಸಂದೇ. ವರ್ಸೇಲ್ಸಿನ ಹಳೆಯ ತೊಡಕು ಇಲ್ಲಿಯೂ ಬಂದೇ ಬಂತು. ಅಷ್ಟೇ ಅಲ್ಲ, ಹೆಚ್ಚಾಯಿತು. ಆರು ಮೀಟರಿನ ಪಿ.ವಿ.ಸಿ. ಕೊಳವೆ ಇಪ್ಪತ್ತು ಡಿಗ್ರಿ ಕಾದರೆ ಸುಮಾರು ಎಂಟು ಮಿಲಿಮೀಟರು ಉದ್ದವಾಗುತ್ತದೆ. ಉಕ್ಕಿನದಾದರೆ ಒಂದೂವರೆ ಮಿಲಿಮೀಟರು ಮಾತ್ರ. ಆದುದರಿಂದ ಬೀದಿಯ ದೊಡ್ಡ ಕೊಳವೆಗಳಿಗೆ ಸಿಂಪ್ಸನ್ನನ ಗಂಟೆಬಾಯಿಯೇ ಮರಳಿ ಬಂತು. ಈ ಸಲ ಸೆಣಬು ಸೀಸಗಳ ಬದಲು ಒಂದು ರಬ್ಬರು ಬಳೆ. ಬಾಯೊಳಗಿನ ತೋಡಿನಲ್ಲಿ ಬಳೆಯನ್ನು ಕೂರಿಸಿ, ಸಾಬೂನಿನಂಥ ಜಾರುವ ಲೇಪ ಸವರಿ ಕೊಳವೆಯನ್ನು ತಳ್ಳಿದರೆ ಮುಗಿಯಿತು. ನೀರಿನ ಒತ್ತಡ ಹೆಚ್ಚಿದಷ್ಟೂ ಬಳೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಕೊಳವೆ ಹಿಗ್ಗಿದರೂ ಕುಗ್ಗಿದರೂ ಒಳಗೇ ಜಾರಿಕೊಳ್ಳುತ್ತದೆ. ಕೆಂಡವಿಲ್ಲ, ಹೊಗೆಯಿಲ್ಲ.

ಪಾಲಿಥೀನಿನ ಕಥೆ ಬೇರೆ. 1933ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಐ.ಸಿ.ಐ. ಪ್ರಯೋಗಶಾಲೆಯಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬುವರಿಗೆ ಅದು ಅನಿರೀಕ್ಷಿತವಾಗಿ ದೊರೆಯಿತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಅದನ್ನು ಕಡಿಮೆ ಒತ್ತಡದಲ್ಲಿ, ಹೆಚ್ಚು ಗಟ್ಟಿಯಾಗಿ ತಯಾರಿಸುವ ವಿಧಾನ ಕಂಡುಹಿಡಿದು, 1963ರ ನೊಬೆಲ್ ಪಾರಿತೋಷಕವನ್ನು ಇಟಲಿಯ ನಟ್ಟಾ ಅವರೊಡನೆ ಹಂಚಿಕೊಂಡ. ಈ ಗಟ್ಟಿ ಪಾಲಿಥೀನೇ ಎಚ್.ಡಿ.ಪಿ.ಇ. ಅದರ ಅಣುಸರಪಳಿಗಳು ಹರಳಿನಂತೆ ಒತ್ತಾಗಿ ಕೂಡಿರುವುದರಿಂದ, ನಾವಿರುವ ಹವೆಯ ಉಷ್ಣತೆಯಲ್ಲಿ ಅದನ್ನು ಕರಗಿಸುವ ದ್ರಾವಕವಿಲ್ಲ. ಅದಕ್ಕೆ ಶಾಖವೇ ಗತಿ. ಎರಡು ಕೊಳವೆಗಳ ತುದಿಗಳನ್ನು ಸಮನಾಗಿ ಹೆರೆದು, ಇನ್ನೂರು ಡಿಗ್ರಿಗೂ ಮೇಲೆ ಕಾಯಿಸಿದ ತಟ್ಟೆಗೆ ಒತ್ತಿಹಿಡಿದು, ಕರಗಿದೊಡನೆ ತಟ್ಟೆ ತೆಗೆದು ಒಂದಕ್ಕೊಂದು ಒತ್ತುತ್ತಾರೆ. ಆರಿದಾಗ ಸುತ್ತಲೂ ಒಂದು ಉಬ್ಬು ನಿಲ್ಲುತ್ತದೆ. ಇನ್ನೊಂದು ವಿಧಾನದಲ್ಲಿ ಸಾಕೆಟ್ಟಿನೊಳಗೇ ತಂತಿಯ ಸುರುಳಿ ಹುದುಗಿರುತ್ತದೆ. ವಿದ್ಯುತ್ತು ಹರಿಸಿದರೆ ಅದು ಕಾದು ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ನೂರಾರು ಮೀಟರಿನ ಸುರುಳಿಗಳಲ್ಲಿ ಸಣ್ಣ ಕೊಳವೆ ದೊರೆಯುವುದರಿಂದ ಸಂದುಗಳ ಸಂಖ್ಯೆಯೇ ಇಲ್ಲಿ ಕಡಿಮೆ.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ. ಅಮೆರಿಕದಲ್ಲಿ 1978ರಿಂದ 1995ರವರೆಗೆ ಲಕ್ಷಾಂತರ ಮನೆಗಳಿಗೆ ಪಾಲಿಬ್ಯುಟಿಲೀನ್ ಎಂಬ ಪ್ಲಾಸ್ಟಿಕ್ಕಿನ ಕೊಳವೆ ಹಾಕಿದರು. ಅಗ್ಗ, ಬಾಗುವಂಥದು, ಕೆಲಸ ಸುಲಭ. ಆದರೆ ಅದರ ಪ್ಲಾಸ್ಟಿಕ್ ಜೋಡಣೆಗಳನ್ನು ನೀರಿನಲ್ಲಿಯ ಕ್ಲೋರೀನ್ ಒಳಗೊಳಗೇ ತಿಂದು, ಗೋಡೆಗಳೊಳಗೆ ಸಂದುಗಳು ಬಿರಿದುವು. ಮೊಕದ್ದಮೆ ನಡೆದು, 1995ರ ರಾಜಿಯಲ್ಲಿ ಮನೆಯವರ ಪರಿಹಾರಕ್ಕೆಂದು ಸುಮಾರು 95 ಕೋಟಿ ಡಾಲರು ಎತ್ತಿಡಬೇಕಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ತುಕ್ಕು ಹಿಡಿಯದ್ದೆಲ್ಲ ಶಾಶ್ವತವಲ್ಲ.

ಸೀಸದ ಮಾತನ್ನು ಮುಂದೆ ನೋಡುವುದಾಗಿ ಹೇಳಿದ್ದೆವು. ಸಂದಿನಿಂದ ಸೀಸವನ್ನು ಓಡಿಸಿದ ಪಿ.ವಿ.ಸಿ.ಯೇ ಅದನ್ನು ತನ್ನ ಮೈಯಲ್ಲಿ ಬಚ್ಚಿಟ್ಟುಕೊಂಡು ಬಂದಿತ್ತು. ಕಾಯಿಸುವಾಗ ಪ್ಲಾಸ್ಟಿಕ್ ಕೆಡದಿರಲೆಂದು ಕಾರ್ಖಾನೆಗಳಲ್ಲಿ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಯೂರೋಪಿನ ಉದ್ಯಮ 2015ರ ಕೊನೆಯ ಹೊತ್ತಿಗೆ ಅದನ್ನು ಕೈಬಿಟ್ಟಿತು. ನಮ್ಮ ಕೇಂದ್ರ ಸರ್ಕಾರವೂ 2021ರಲ್ಲಿ ಪಿ.ವಿ.ಸಿ. ಕೊಳವೆ ಮತ್ತು ಜೋಡಣೆಗಳಲ್ಲಿಯ ಸೀಸವನ್ನು ಕುರಿತು ನಿಯಮಗಳನ್ನು ಹೊರಡಿಸಿತು. ವಿಟ್ರೂವಿಯಸನ ಎಚ್ಚರಿಕೆ ಕಾನೂನಿನ ರೂಪ ತಾಳಲು ಇಷ್ಟು ಕಾಲ ಹಿಡಿಯಿತು. ಕೊಳವೆ ಕೊಳ್ಳುವಾಗ ಮಾನಕದ ಗುರುತನ್ನೂ ‘ಸೀಸರಹಿತ’ ಎಂಬ ಮಾತನ್ನೂ ನೋಡಿ ಕೊಳ್ಳುವುದು ಉತ್ತಮ.

ಸಂದು ಸೋರಿದರೆ ನಷ್ಟ ನೀರಿನದು ಮಾತ್ರವಲ್ಲ. ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತು ಕೊಳವೆ ಬರಿದಾಗಿರುತ್ತದೆ. ಆಗ ಸಂದಿನ ಬಿರುಕಿನಿಂದ ಹೊರಗಿನ ಕೊಳಚೆ ಒಳಕ್ಕೆ ಜಿನುಗುತ್ತದೆ. ನೀರನ್ನು ಹೊರಬಿಡುವ ದಾರಿಯೇ ರೋಗವನ್ನು ಒಳಬಿಡುವ ದಾರಿಯೂ ಆಗುತ್ತದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಹೊಸ ಕೊಳವೆಗಳಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಪ್ರಯೋಗ ನಡೆದಾಗ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಎರಡು ಬಗೆಯ ನಲ್ಲಿಗಳ ನೀರನ್ನೂ ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ನೂರಕ್ಕೆ ಸುಮಾರು ಮೂವತ್ತರಲ್ಲಿ ಮಲಮೂಲದ ಬ್ಯಾಕ್ಟೀರಿಯ ಕಂಡುಬಂತು. ಸದಾ ನೀರಿರುವ ನಲ್ಲಿಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಒತ್ತಡ ಸದಾ ಇದ್ದರೆ, ಸಂದು ಭದ್ರವಾಗಿದ್ದರೆ, ಮಗುವಿನ ಲೋಟದ ನೀರು ಶುದ್ಧ.

ಕೇಂದ್ರ ಸರ್ಕಾರ 2019ರಲ್ಲಿ ಮನೆಮನೆಗೂ ನಲ್ಲಿ ನೀರು ಕೊಡುವ ಯೋಜನೆಯನ್ನು ಆರಂಭಿಸಿತು. ಅದಕ್ಕೆ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರು. ಅದರಿಂದ ಹಳ್ಳಿಹಳ್ಳಿಗಳ ನೆಲದೊಳಕ್ಕೆ ಪ್ಲಾಸ್ಟಿಕ್ ಕೊಳವೆಗಳು ಇಳಿದಿವೆ. ಗುಂಡಿ ಮುಚ್ಚಿದ ಮೇಲೆ ಸಂದನ್ನು ಯಾರೂ ನೋಡಲಾರರು. ಅದಕ್ಕೆ ಸಾಕ್ಷಿ ಅದನ್ನು ಮಾಡಿದವನ ಕೈ ಮಾತ್ರ. ಆ ಕೈಗೆ ತಕ್ಕ ಶಿಕ್ಷಣ, ತಕ್ಕ ಕೂಲಿ, ಪಾಕ ಆರಲು ಬೇಕಾದಷ್ಟು ಬಿಡುವು ಇವನ್ನು ಕೊಡುವುದು ಕೆಲಸ ಮಾಡಿಸುವವರ ಹೊಣೆ. ಕೊಳವೆ ಮುಚ್ಚುವ ಮೊದಲು ನೀರು ಬಿಟ್ಟು, ಒಂದೊಂದು ಸಂದನ್ನೂ ಒಣಬಟ್ಟೆಯಿಂದ ಒರೆಸಿ ನೋಡುವ ತಾಳ್ಮೆ ಮನೆಯವರಿಗೂ ಇರಲಿ. ರೋಮಿನಲ್ಲಿ ಬೂದಿ ಹಾಕಿ ನೀರು ಬಿಟ್ಟವರು ಮಾಡಿದ್ದೂ ಅಂಥದೇ ಪರೀಕ್ಷೆ.